ರಾಜನ ಗೋರಿ ಯಾರಿಗೆ ಬೇಕು?

ರಾಜರ ಗೋರಿ ನೋಡಲು ಹೊರಟೆನೆಂದರೆ ಲಿಂಗಸುಗೂರಿನ ಗೆಳೆಯರು ಒಂದು ಮಾತು ಆಡಿಯೇ ಆಡುತ್ತಾರೆ: ‘ಬಡವರ ಬೆವರು ಬಸಿದು ಕಟ್ಟಿಸಿಕೊಂಡ ಕಲ್ಲು, ಅದಕ್ಕೇನು ಕೈ ಮುಗಿಯೋದು?’ ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಸಾವಿನ ಮುಂದೆ ಅರಸನೂ ಆಳೂ ಒಂದೇ ಎಂಬ ವೇದಾಂತ ಇದಕ್ಕೆ ಉತ್ತರವಾಗದು, ಅದನ್ನು ಬದಿಗಿಡೋಣ.

ಗೆಳೆಯರ ಮಾತಿನ ಹಿಂದಿರುವವರು ಬಸವಣ್ಣ. ವಾದ ಮಾಡುವುದಾದರೆ ಅವರೊಡನೆಯೇ ಮಾಡಬೇಕು. ಉಳ್ಳವರು ಕಟ್ಟಿ ನಿಲ್ಲಿಸಿದ ಸ್ಥಾವರ ಅಳಿಯುತ್ತದೆ, ನಡೆದಾಡುವ ಜಂಗಮ ಉಳಿಯುತ್ತದೆ ಎಂಬುದು ಅವರ ನಿಲುವು. ಆದರೆ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮಕ್ಕೆ ಏರಿದಾಗ ಅವರ ಐಕ್ಯಮಂಟಪವನ್ನು ನಾವು ನೀರಿಗೆ ಬಿಡಲಿಲ್ಲ. ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ, ಮೆಟ್ಟಿಲಿಳಿದು ಹೋಗಿ ನಮಸ್ಕರಿಸುತ್ತೇವೆ. ಶಿಷ್ಯರು ಮಾಡಿದ್ದಕ್ಕೆ ಗುರು ಹೊಣೆಯಲ್ಲ, ಒಪ್ಪಿದೆ. ಆದರೂ ಅವರ ವಚನಗಳನ್ನು ಬಾಯಿಪಾಠ ಮಾಡಿದವರಿಗೂ ಹೋಗಿ ನಿಲ್ಲಲು ಒಂದು ಜಾಗ ಬೇಕಾಯಿತು. ಜನ ಹೋಗಿ ನಿಲ್ಲದ ಕಡೆ ಮಾತೂ ಮರೆತುಹೋಗುತ್ತದೆ: ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರೂ ಮಾತೂ ಎರಡೂ ಇದ್ದವು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಾಣುವ ತನಕ ಲೋಕಕ್ಕೆ ಅದರ ಸುಳಿವೇ ಇರಲಿಲ್ಲ.

ಇಷ್ಟಕ್ಕೇ ಗೆದ್ದೆ ಎನ್ನುವಂತಿಲ್ಲ. ಸಿಂಧನೂರು ಸೀಮೆಯ ನಮ್ಮ ಹೊಲದಲ್ಲಿ ಮುತ್ಯಾನ ಗದ್ದುಗೆ ಇತ್ತು: ಮೊಣಕಾಲೆತ್ತರದ ಕಟ್ಟೆ, ಮೇಲೊಂದು ಲಿಂಗ, ಪಕ್ಕದಲ್ಲಿ ಬೇವಿನ ಮರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಹೊಲ ಹೋಗಿ ನೆಲ್ಲಿನ ಗದ್ದೆಯಾಯಿತು, ಮಟ್ಟ ಮಾಡುವಾಗ ಕಟ್ಟೆಯೂ ಹೋಯಿತು. ನೀರು ಬಂದಾಗ ಯಾರ ಗೋರಿ ಉಳಿಯಬೇಕೆಂದು ತೀರ್ಮಾನಿಸುವುದರಲ್ಲಿ ಭಕ್ತಿಯಷ್ಟೇ ದುಡ್ಡಿನ ಕೈಯೂ ಇದೆ. ಇಲ್ಲಿ ಬಸವಣ್ಣನವರಿಗೆ ಸೋಲುತ್ತೇನೆ.

ಹಾಗೆಂದು ರಾಜರ ಗೋರಿಗಳನ್ನೂ ಮಟ್ಟ ಮಾಡೋಣವೇ? ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಚರ್ಚಿನಲ್ಲಿ 1793ರಲ್ಲಿ ಕ್ರಾಂತಿಕಾರರು ಫ್ರಾನ್ಸಿನ ಅರಸರನ್ನು ಅಗೆದು ಗುಂಡಿಗೆ ಹಾಕಿದರು. 1817ರಲ್ಲಿ ಮತ್ತೆ ಎತ್ತಿದಾಗ ಯಾವ ಎಲುಬು ಯಾರದೆಂದು ತಿಳಿಯಲಿಲ್ಲ. ಎಲುಬುಗಳು ಕಲೆತು ಹೋದದ್ದರಿಂದ ಯಾವ ಬಡವನ ಗದ್ದುಗೆಯೂ ಮೇಲೇಳಲಿಲ್ಲ.

ಬೀದರ ಬಳಿಯ ಅಷ್ಟೂರಿಗೆ ಹೋಗಿ ನೋಡಬೇಕು. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿ ಅಲ್ಲಿದೆ. ಒಳಗೆ ಕತ್ತಲು, ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಕ್ಕೆ ಹೊರಳಿಸಿದರೆ ಕೆಂಪು ಬಣ್ಣದ ನಡುವೆ ಬಂಗಾರದ ಅಕ್ಷರಗಳು ಎದ್ದು ಕಾಣುತ್ತವೆ. ಅವನನ್ನು ಅಲ್ಲಮಪ್ರಭುವೆಂದೇ ನಂಬುವವರಿದ್ದಾರೆ. ಉರುಸಿಗೆ ಮಡಿಯಾಳದ ಜಂಗಮರು ನಡೆದುಕೊಂಡೇ ಬರುತ್ತಾರೆ. ಸ್ಥಾವರ ಜಂಗಮಗಳನ್ನು ಬಸವಣ್ಣನವರು ಎದುರುಬದುರು ನಿಲ್ಲಿಸಿದ್ದು ಪೂರ್ತಿ ಸರಿಯಲ್ಲ ಎನ್ನಲು ನನಗೆ ಇದು ಸಾಕೆನಿಸಿತ್ತು.

ಆದರೆ ಅದೇ ಸಾಲಿನಲ್ಲಿ ಅದೇ ವಂಶದ ಹುಮಾಯೂನನ ಗೋರಿಯೂ ಇದೆ. ಕ್ರೂರಿಯೆಂದು ಹೆಸರಾಗಿ 1461ರಲ್ಲಿ ಸತ್ತವನು; ಗುಮ್ಮಟ ಸೀಳಿ ಅರ್ಧ ಬಿದ್ದುಹೋಗಿದೆ. ಅವನೂ ಸುಲ್ತಾನನೇ, ಅವನಿಗಾಗಿ ಯಾವ ಜಂಗಮರೂ ನಡೆದು ಬರುವುದಿಲ್ಲ. ಹಾಗಾದರೆ ನಾನು ಇಷ್ಟು ಹೊತ್ತು ವಕಾಲತ್ತು ವಹಿಸಿದ್ದು ರಾಜನ ಗೋರಿಗೋ, ಸಂತನ ಗೋರಿಗೋ? ಸಂತನದೆಂದರೆ ಗೆಳೆಯರು ಗೆದ್ದಂತೆ. ಆದರೆ ಅಹ್ಮದ್ ಷಾ ಸುಲ್ತಾನನಾಗಿರದಿದ್ದರೆ ಅವನ ಮೇಲೆ ಆ ಗುಮ್ಮಟ ಏಳುತ್ತಿತ್ತೇ? ಮುತ್ಯಾನ ಕಟ್ಟೆಯಂತೆ ಅದೂ ಯಾವುದೋ ಹೊಲದಲ್ಲಿ ಅಳಿಸಿಹೋಗಿದ್ದರೆ ಜಂಗಮರು ಎಲ್ಲಿಗೆಂದು ಬರಬೇಕಿತ್ತು? ಇದನ್ನು ಗೆಳೆಯರ ಮುಂದಿಡಬೇಕು. ಆ ಗುಮ್ಮಟಕ್ಕೆ ಸುರಿದ ಖಜಾನೆ ಯಾರ ದುಡಿಮೆಯದೆಂದು ಅವರು ತಿರುಗಿ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.