ಸಿಕ್ಕಿದ ವಜ್ರದ ಪ್ರಮಾಣ

ಪುಷ್ಯ ಬಹುಳ ಅಮಾವಾಸ್ಯೆಯಂದು ಶ್ರೀ ಪುರಂದರದಾಸರ ಆರಾಧನೆ. ಹಂಪೆಯಲ್ಲಿ ಪುರಂದರ ಮಂಟಪದ ದರ್ಶನ ಪಡೆದು, ಚಕ್ರತೀರ್ಥದ ಬಳಿಯ ಯಂತ್ರೋದ್ಧಾರಕ ಪ್ರಾಣದೇವರಿಗೆ ನಮಿಸಿ, ಬಂಧುಬಳಗವೆಲ್ಲ ಕಮಲಾಪುರದ ಒಂದು ಮನೆಗೆ ಪ್ರಸಾದಕ್ಕೆ ಬಂದಿತೆಂದು ಭಾವಿಸೋಣ. ಭೋಜನವಾಯಿತು, ಮಂದಿಯೆಲ್ಲ ತೆರಳಿದರು. ಗೃಹಿಣಿಯು ಎಲೆಗಳನ್ನು ಎತ್ತಿ ಗೋಮಯ ಹಚ್ಚುತ್ತಿರುವಾಗ ಬೆರಳಿಗೆ ಏನೋ ತಾಗಿತು. ತೊಳೆದು ನೋಡಿದರೆ ಥಳಥಳಿಸುವ ಒಂದು ಬಿಡಿ ವಜ್ರ. ಯಾರದೋ ಓಲೆಯಿಂದಲೋ ಮೂಗುತಿಯಿಂದಲೋ, ಹಿಡಿದಿದ್ದ ಚಿನ್ನ ಸವೆದು, ಕಳಚಿ ಬಿದ್ದದ್ದು.

ಆಗ ಆ ಮನೆಯಲ್ಲಿ ಹುಟ್ಟುವ ಮೊದಲನೆಯ ಪ್ರಶ್ನೆ ಯಾವುದು? "ಇದು ಯಾರದು?" ಎಂಬುದೋ, "ಇದು ಎಷ್ಟು ದೊಡ್ಡದು?" ಎಂಬುದೋ? ವಾಚಕ ಮಹಾಶಯರು ತಮ್ಮ ಅಂತರಂಗವನ್ನೇ ಕೇಳಿಕೊಳ್ಳಲಿ. ನಮ್ಮಲ್ಲಿ ಬಹುಮಂದಿಗೆ ಎರಡನೆಯ ಪ್ರಶ್ನೆಯೇ ಮೊದಲು ಬರುತ್ತದೆ. ಇದು ದೋಷವೇ, ಅಲ್ಲವೇ ಎಂಬುದು ಪ್ರಸ್ತುತ ವಿಚಾರ.

ವಜ್ರವನ್ನು ಅಳೆಯುವ ಕ್ರಮವೇನೋ ಕಠಿನವಲ್ಲ. ಪೂರ್ವದಲ್ಲಿ ಗುಲಗಂಜಿ, ಮಂಜಾಡಿಗಳಂಥ ಬೀಜಗಳೇ ತೂಕದ ಕಲ್ಲುಗಳಾಗಿದ್ದವು. ಈಗ ಲೋಕವೆಲ್ಲ ಒಪ್ಪಿರುವ ಮಾನವು ಕ್ಯಾರಟ್. ಐದು ಕ್ಯಾರಟ್ಟಿಗೆ ಒಂದು ಗ್ರಾಮ್. ಒಳ್ಳೆಯ ಸಾಣೆ ಹಿಡಿದ ದುಂಡು ವಜ್ರದ ಅಡ್ಡಳತೆ 6.5 ಮಿಲಿಮೀಟರ್ ಇದ್ದರೆ ತೂಕ ಸುಮಾರು ಒಂದು ಕ್ಯಾರಟ್. ತಕ್ಕಡಿಯಿಲ್ಲದಿದ್ದರೆ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, ಬಂದದ್ದನ್ನು 0.0061ರಿಂದ ಗುಣಿಸಿದರೆ ಕ್ಯಾರಟ್ಟಿನ ಅಂದಾಜು ದೊರೆಯುತ್ತದೆ. ನಾಲ್ಕು ಮಿಲಿಮೀಟರ್ ಅಗಲ, 2.4 ಮಿಲಿಮೀಟರ್ ಎತ್ತರದ ಕಲ್ಲು ಕಾಲು ಕ್ಯಾರಟ್ಟಿಗೆ ತುಸು ಕಡಿಮೆ. ಅದೇ ಆಕಾರದಲ್ಲಿ ಅಗಲವೂ ಎತ್ತರವೂ ಇಮ್ಮಡಿಯಾದರೆ ತೂಕ ಎಂಟು ಮಡಿಯಾಗುತ್ತದೆ. ಬೆಲೆಯಂತೂ ತೂಕಕ್ಕಿಂತ ವೇಗವಾಗಿ ಏರುತ್ತದೆ. ಮನಸ್ಸಿನ ಆಸೆಯೂ ಹಾಗೆಯೇ. ಕಲ್ಲು ಎರಡರಷ್ಟಾದರೆ ಆಸೆ ಎಂಟರಷ್ಟು.

ಇನ್ನೊಂದು ಮಾತು. ಲೆಕ್ಕದಿಂದ ಬಂದ ತೂಕವೂ ತಕ್ಕಡಿ ಹೇಳುವ ತೂಕವೂ ತಾಳೆಯಾಗದಿದ್ದರೆ ಆ ಕಲ್ಲನ್ನು ಶಂಕಿಸಬೇಕು. ಅಷ್ಟೇ ಗಾತ್ರದ ಸಾಮಾನ್ಯ ಗಾಜು ವಜ್ರಕ್ಕಿಂತ ಹಗುರ. ಜಿರ್ಕೋನಿಯಾ ಎಂಬ ಕೃತಕ ಹರಳು ಬಹಳ ಭಾರ. ತಾಳೆಯಾದ ಮಾತ್ರಕ್ಕೆ ವಜ್ರವೆಂಬ ನಿಶ್ಚಯವೂ ಇಲ್ಲ. ಕೊನೆಯ ಮಾತನ್ನು ನಂಬಿಕೆಯುಳ್ಳ ರತ್ನಪರೀಕ್ಷಕನೇ ಹೇಳಬೇಕು.

ಈ ಊರಿನ ನೆಲಕ್ಕೆ ವಜ್ರದ ತೂಕ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಇಲ್ಲಿನ ಪೇಟೆಯಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅನಂತರ ಬಂದ ಪೋರ್ಚುಗೀಸ್ ವರ್ತಕ ನೂನಿಜನು, ವಜ್ರದ ಗಣಿಯನ್ನು ಗುತ್ತಿಗೆ ಹಿಡಿದವನು ನಿಯತ ತೂಕವನ್ನು ಮೀರಿದ ಕಲ್ಲುಗಳನ್ನೆಲ್ಲ ಅರಸನ ಭಂಡಾರಕ್ಕೆ ಒಪ್ಪಿಸಬೇಕಾಗಿತ್ತೆಂದು ತಿಳಿಸುತ್ತಾನೆ. ಗುಂತಕಲ್ಲಿನ ಬಳಿಯ ವಜ್ರಕರೂರಿನ ಹೊಲಗಳಲ್ಲಿ ಇಂದಿಗೂ ಮುಂಗಾರು ಮಳೆ ಬಿದ್ದೊಡನೆ ಜನರು ಬಾಗಿ ಬಾಗಿ ಕಲ್ಲು ಹುಡುಕುತ್ತಾರೆ. ಅರಸನ ಆ ಕಟ್ಟಳೆಯಲ್ಲಿ ಕಲ್ಲಿನ ಗಾತ್ರವೇ ಅದರ ಒಡೆಯನನ್ನು ನಿರ್ಣಯಿಸುತ್ತಿತ್ತು. ಆದರೆ ಮನೆಯ ನೆಲದಲ್ಲಿ ಸಿಕ್ಕಿದ ಕಲ್ಲಿನ ವಿಷಯ ಬೇರೆ. ಅದು ಸಾಸುವೆಯಷ್ಟಿರಲಿ, ಕಡಲೆಯಷ್ಟಿರಲಿ, ಒಡೆಯನು ಬದಲಾಗುವುದಿಲ್ಲ.

ಹಾಗಾದರೆ ಅಳೆಯುವುದೇ ತಪ್ಪೇ? ತಪ್ಪಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಒಡೆಯನು ತಿಳಿಯದ ವಸ್ತುವಿನ ವಿಚಾರವನ್ನು ಹೇಳುತ್ತದೆ. ಅಂಥ ವಸ್ತುವನ್ನು ಅರಸನು ಮೂರು ವರ್ಷ ಕಾಪಾಡಿ ಇಡಬೇಕು. "ಇದು ನನ್ನದು" ಎಂದು ಬಂದವನನ್ನು ಪ್ರಶ್ನಿಸಬೇಕು. ಎಲ್ಲಿ ಕಳೆಯಿತು, ಯಾವಾಗ ಕಳೆಯಿತು, ಅದರ ಬಣ್ಣವೇನು, ರೂಪವೇನು, ಪ್ರಮಾಣವೇನು ಎಂಬುದನ್ನು ಹೇಳಲಾರದವನಿಗೆ ಆ ವಸ್ತುವಿನಷ್ಟೇ ಬೆಲೆಯ ದಂಡ ವಿಧಿಸಬೇಕು. ಇಲ್ಲಿನ ಸೂಕ್ಷ್ಮವನ್ನು ಗಮನಿಸಬೇಕು. ಪ್ರಮಾಣವನ್ನು ಹೇಳಬೇಕಾದವನು ಕಳೆದುಕೊಂಡವನು. ಸಿಕ್ಕಿದವನು ಅದನ್ನು ಅರಿತು ಮೌನವಾಗಿರಬೇಕು. ಊರಿಗೆಲ್ಲ "ಇಂತಿಷ್ಟು ದೊಡ್ಡ ವಜ್ರ ಸಿಕ್ಕಿದೆ" ಎಂದು ಸಾರಿದರೆ ಕಳ್ಳನಿಗೂ ಉತ್ತರವನ್ನು ಕಲಿಸಿಕೊಟ್ಟಂತಾಯಿತು. "ಒಂದು ಹರಳು ಸಿಕ್ಕಿದೆ, ಕಳೆದುಕೊಂಡವರು ಗುರುತು ಹೇಳಿ" ಎಂದರೆ ಸಾಕು. ನಿಜವಾದ ಒಡತಿಯ ಬಳಿ ತಕ್ಕಡಿಗಿಂತ ಉತ್ತಮವಾದ ಸಾಕ್ಷಿಯೊಂದಿದೆ: ಅವಳ ಓಲೆಯಲ್ಲಿ ಬರಿದಾದ ಕುಳಿ. ಏಳು ಹರಳಿನ ಓಲೆಯಲ್ಲಿ ಆರು ಉಳಿದು, ಏಳನೆಯ ಕುಳಿಗೆ ಈ ಕಲ್ಲು ಸರಿಯಾಗಿ ಕೂತರೆ ಬೇರೆ ವಾದವೇಕೆ?

ಆದುದರಿಂದ ಅಳತೆ ಒಂದೇ, ಉದ್ದೇಶ ಎರಡು. ಹಿಂದಿರುಗಿಸಲು ಅಳೆಯುವವನು ಒಡೆಯನನ್ನು ನೆನೆದು ಅಳೆಯುತ್ತಾನೆ. ಇಟ್ಟುಕೊಳ್ಳಲು ಅಳೆಯುವವನು ಬೆಲೆಯನ್ನು ನೆನೆದು ಅಳೆಯುತ್ತಾನೆ. ಎರಡನೆಯವನ ಅಪಹಾರವು ಕಲ್ಲನ್ನು ಮಾರಿದ ದಿನ ಆರಂಭವಾದುದಲ್ಲ. ಆ ಲೆಕ್ಕದ ಕ್ಷಣದಲ್ಲಿಯೇ ಆರಂಭವಾಯಿತು.

ಇಲ್ಲಿ ಕೆಲವರು ವೇದಾಂತವನ್ನೇ ಆಶ್ರಯಿಸುವುದುಂಟು. "ಎಲ್ಲವೂ ಶ್ರೀಹರಿಯದೇ ಅಲ್ಲವೇ? ಇದನ್ನು ಹುಂಡಿಗೆ ಹಾಕಿಬಿಟ್ಟರೆ ದೋಷವೆಲ್ಲಿ?" ಎಂದು ಕೇಳುತ್ತಾರೆ. ಕೇಳಲು ಇಂಪಾದ ಮಾತು, ಆದರೆ ಒಪ್ಪತಕ್ಕದ್ದಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಭೇದ ಸತ್ಯ. ಜೀವಜೀವರ ಭೇದ ಸತ್ಯವಾದ್ದರಿಂದ ಅವಳು ಬೇರೆ, ನಾನು ಬೇರೆ. ಅವಳ ನಷ್ಟ ನನ್ನ ಲಾಭವಾಗಲಾರದು. ವಜ್ರವೂ ಸತ್ಯ, ಅದರ ಬೆಲೆಯೂ ಸತ್ಯ. "ಇದೊಂದು ಕಲ್ಲು, ಇದರಲ್ಲೇನಿದೆ" ಎಂದು ವೈರಾಗ್ಯದ ಮಾತಾಡಿ ಸುಮ್ಮನಾಗಲೂ ನಮಗೆ ಅವಕಾಶವಿಲ್ಲ. ಸ್ವತಂತ್ರನಾದ ಶ್ರೀಹರಿಯು ಆ ವಸ್ತುವನ್ನು ಒಬ್ಬರ ಪಾಲಿಗೆ ಕೊಟ್ಟಿದ್ದಾನೆ. ಅವನು ಕೊಟ್ಟದ್ದನ್ನು ಅನುಭವಿಸು, ಪರರ ಧನಕ್ಕೆ ಆಸೆಪಡಬೇಡ ಎಂಬುದು ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರದ ಅಭಿಪ್ರಾಯ. ಪರರ ವಸ್ತುವನ್ನು ದೇವರಿಗೆ ಅರ್ಪಿಸುವುದು ದಾನವಲ್ಲ. ಕಳೆದುಕೊಂಡವಳ ಕಣ್ಣೀರನ್ನು ಹುಂಡಿಗೆ ಹಾಕಿದಂತೆ.

ಕಲ್ಲು ಚಿಕ್ಕದಾದರೆ ಹುಡುಕಾಟವೂ ಚಿಕ್ಕದಾಗಿ ಸಾಕೇ ಎಂಬ ಪ್ರಶ್ನೆಯೂ ಉಳಿದಿದೆ. ಮೂರು ಮಿಲಿಮೀಟರಿನ ಕಲ್ಲು ಒಂದು ಕ್ಯಾರಟ್ಟಿನ ಹತ್ತನೆಯ ಒಂದು ಪಾಲು ಮಾತ್ರ. ಪೇಟೆಯ ತಕ್ಕಡಿಗೆ ಅದು ಅಲ್ಪ. ಆದರೆ ಅದು ತಾಯಿಯು ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಸಿ ಮಾಡಿಸಿದ ಮೂಗುತಿಯದಾಗಿದ್ದರೆ? ಸಿಕ್ಕಿದವನಿಗೆ ಕಲ್ಲಿನ ತೂಕ ತಿಳಿಯಬಹುದು. ಕಳೆದುಕೊಂಡವರ ದುಃಖದ ತೂಕ ತಿಳಿಯದು. ತಿಳಿಯದಿರುವುದರಿಂದಲೇ ಚಿಕ್ಕದಕ್ಕೂ ದೊಡ್ಡದಕ್ಕೂ ಒಂದೇ ಶ್ರದ್ಧೆಯಿಂದ ಹುಡುಕಬೇಕು.

ಇಂದಿನ ಕಾನೂನೂ ಇದಕ್ಕೆ ವಿರೋಧವಲ್ಲ. 1872ರ ಕರಾರು ಅಧಿನಿಯಮವು, ಸಿಕ್ಕಿದ ವಸ್ತುವನ್ನು ತನ್ನ ವಶಕ್ಕೆ ತೆಗೆದುಕೊಂಡವನಿಗೆ ನ್ಯಾಸವನ್ನು ಕಾಪಾಡುವವನ ಹೊಣೆಯನ್ನೇ ಹೊರಿಸಿದೆ. ಅದನ್ನು ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಳ್ಳುವುದು 2023ರ ಭಾರತೀಯ ನ್ಯಾಯ ಸಂಹಿತೆಯಂತೆಯೂ ಅಪರಾಧ. ಬಂದವರೆಲ್ಲರನ್ನೂ ಕೇಳಿ, ದೇವಸ್ಥಾನದಲ್ಲಿ ತಿಳಿಸಿ, ಆದರೂ ಒಡೆಯರು ಸಿಗದಿದ್ದರೆ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ನಿಷ್ಕಳಂಕವಾದ ಮಾರ್ಗ.

ವಜ್ರದ ಮೂಗುತಿಯ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ನವಕೋಟಿ ನಾರಾಯಣನೆನಿಸಿದ್ದ ಶ್ರೀನಿವಾಸ ನಾಯಕನಿಗೆ ರತ್ನಗಳ ತೂಕ ಕರತಲಾಮಲಕ. ಬಡ ಬ್ರಾಹ್ಮಣನು ತಂದ ಮೂಗುತಿಯನ್ನು ಕಂಡೊಡನೆ ಅದು ತನ್ನ ಪತ್ನಿಯದೆಂದು ಗುರುತಿಸಿದ ಕಣ್ಣು ಅದು. ಆದರೆ ಅದನ್ನು ಕೊಟ್ಟ ಸಾಧ್ವಿಯ ಮನಸ್ಸಿನ ಬೆಲೆ ಅಂದಿನವರೆಗೆ ಆ ಕಣ್ಣಿಗೆ ಬಿದ್ದಿರಲಿಲ್ಲ. ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ ಮೂಗುತಿ ಅಲ್ಲಿರದೆ ಅವಳ ಬಟ್ಟಲಿನಲ್ಲಿ ಕಂಡಾಗ, ತಾನು ಬೀಗ ಹಾಕಿಟ್ಟದ್ದು ಯಾವುದೂ ತನ್ನದಲ್ಲವೆಂದು ಅರಿವಾಯಿತು. ನಾಯಕನು ದಾಸನಾದನು.

ಆ ದಾಸರ ಮಂಟಪದಿಂದ ವಿಠ್ಠಲ ದೇವಾಲಯದ ಕಡೆಗೆ ಬರುವಾಗ ಎರಡು ಎತ್ತರದ ಕಂಬಗಳ ಕಲ್ಲಿನ ತಕ್ಕಡಿ ಕಾಣುತ್ತದೆ. ಅರಸರು ಪುಣ್ಯಕಾಲದಲ್ಲಿ ಅಲ್ಲಿ ತಮ್ಮನ್ನು ತೂಗಿಸಿಕೊಂಡು, ಸಮತೂಕದ ದ್ರವ್ಯವನ್ನು ದಾನ ಮಾಡುತ್ತಿದ್ದರೆಂಬುದು ಪ್ರತೀತಿ. ಅದು ಕೊಡುವುದಕ್ಕಾಗಿ ತೂಗಿದ ತಕ್ಕಡಿ. ಕಮಲಾಪುರದ ಮನೆಯ ಆ ಗೃಹಿಣಿಯ ಅಂಗೈಯೂ ಅಂಥದೊಂದು ತಕ್ಕಡಿಯೇ. ಅದರ ಮೇಲಿರುವ ಕಲ್ಲು ಕಾಲು ಕ್ಯಾರಟ್ಟಿರಬಹುದು, ಒಂದು ಕ್ಯಾರಟ್ಟಿರಬಹುದು. ಒಡತಿಯ ಕುಳಿಗೆ ಅದು ಮರಳಿ ಸೇರುವವರೆಗೆ ತೂಗಲ್ಪಡುತ್ತಿರುವುದು ಕಲ್ಲಲ್ಲ, ಅದನ್ನು ಹಿಡಿದವರ ಮನಸ್ಸು.

ಶ್ರೀಕೃಷ್ಣಾರ್ಪಣಮಸ್ತು.