ಮುಳುಗಡೆಯ ಋಣ



ಕೃಷ್ಣಾ ತೀರದ ಸಭೆ ಸಮಾರಂಭಗಳಲ್ಲಿ ಹಲವು ದಶಕಗಳಿಂದ ಒಂದು ಮಾತು ಪುನಃ ಪುನಃ ಕೇಳಿಬರುತ್ತಿದೆ. ಅದು ‘ಮುಳುಗಡೆಯ ಜನರ ತ್ಯಾಗ’ ಎಂಬ ಮಾತು. ಮಂತ್ರಿಗಳು ಅದನ್ನು ಆಡಿದ್ದಾರೆ, ಅಭಿಯಂತರರು ಆಡಿದ್ದಾರೆ, ಮಠಾಧೀಶರಾದ ನಾವೂ ಆಡಿದ್ದೇವೆ. ನಾವು ಪೀಠಕ್ಕೆ ಬಂದ ಹೊಸತರಲ್ಲಿ, ಆಲಮಟ್ಟಿಯ ಹಿನ್ನೀರು ವರುಷದಿಂದ ವರುಷಕ್ಕೆ ಏರುತ್ತಿದ್ದ ದಿನಗಳಲ್ಲಿ, ಒಂದು ಪುನರ್ವಸತಿ ಕೇಂದ್ರದ ಸಭೆಯಲ್ಲಿ ಅರ್ಧ ಗಂಟೆ ಇದೇ ವಿಷಯವಾಗಿ ಉಪದೇಶ ಮಾಡಿದೆವು. ದೇವತೆಗಳಿಗೆ ತನ್ನ ಎಲುಬನ್ನೇ ಕೊಟ್ಟ ದಧೀಚಿಯ ಕಥೆಯನ್ನೂ, ಪಾರಿವಾಳಕ್ಕಾಗಿ ತನ್ನ ಮಾಂಸವನ್ನು ಕೊಯ್ದು ತೂಗಿದ ಶಿಬಿಯ ಕಥೆಯನ್ನೂ ಹೇಳಿದೆವು. ಚಪ್ಪಾಳೆ ಚೆನ್ನಾಗಿಯೇ ಬಿದ್ದಿತು. ಸಭೆ ಮುಗಿದು ಜನರು ಒಬ್ಬೊಬ್ಬರಾಗಿ ಬಂದು ನಮಸ್ಕರಿಸುತ್ತಿರುವಾಗ ವೃದ್ಧೆಯೊಬ್ಬಳು ನಿಂತು ಕೇಳಿದಳು: “ಅಜ್ಜಾರ, ತ್ಯಾಗ ಅಂದ್ರಿ. ನಾವೇನ ಕೊಟ್ಟೀವ್ರಿ? ನಮ್ಮನ್ಯಾರೂ ಕೇಳಲಿಲ್ಲ. ಮೊದಲ ನೋಟೀಸ ಬಂತು, ಆಮ್ಯಾಲ ನೀರ ಬಂತು.”

“ಶಿವನಿದ್ದಾನೆ, ಹೋಗಿ ಬಾ ತಾಯಿ” ಎಂದೆವು. ಉತ್ತರ ತೋಚದಾಗ ನಮ್ಮಂಥವರು ಶಿವನನ್ನು ಮುಂದೆ ಮಾಡುವುದುಂಟು.

ಆ ತಾಯಿಯ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ದಧೀಚಿಯ ಬಳಿಗೆ ದೇವತೆಗಳು ಯಾಚಕರಾಗಿ ಬಂದರು. ಆತನು ‘ಒಲ್ಲೆ’ ಎನ್ನಬಹುದಾಗಿತ್ತು. ‘ಒಲ್ಲೆ’ ಎನ್ನುವ ಸ್ವಾತಂತ್ರ್ಯವಿದ್ದೂ ‘ಕೊಟ್ಟೆ’ ಎಂದುದರಿಂದಲೇ ಅದಕ್ಕೆ ತ್ಯಾಗವೆಂಬ ಹೆಸರು ಬಂದಿತು. ೧೮೯೪ರ ಭೂಸ್ವಾಧೀನ ಕಾನೂನಿನಲ್ಲಿ ಇಂಥ ಸ್ವಾತಂತ್ರ್ಯಕ್ಕೆ ಸ್ಥಳವಿರಲಿಲ್ಲ. ಸಾರ್ವಜನಿಕ ಉದ್ದೇಶಕ್ಕೆ ಭೂಮಿ ಬೇಕೆಂದು ಸರಕಾರ ಪ್ರಕಟಿಸಿದ ಮೇಲೆ ಒಡೆಯನು ಆಕ್ಷೇಪಣೆ ಸಲ್ಲಿಸಬಹುದಾಗಿತ್ತು, ಬೆಲೆಯ ಬಗ್ಗೆ ವಾದಿಸಬಹುದಾಗಿತ್ತು. ಕೊಡದೆ ಇರುವ ಅಧಿಕಾರ ಮಾತ್ರ ಆತನಿಗಿರಲಿಲ್ಲ. ಅಂದ ಮೇಲೆ ನಡೆದದ್ದು ಕೊಡುವಿಕೆಯಲ್ಲ, ಕೊಳ್ಳುವಿಕೆ. ಕೊಂಡುದನ್ನು ಕೊಟ್ಟುದೆಂದು ಕರೆದರೆ ಅದರಿಂದ ಯಾರಿಗೆ ಲಾಭವೆಂಬುದನ್ನು ವಿಚಾರಿಸಬೇಕು. ತ್ಯಾಗಿಗೆ ಯಾರೂ ಸಾಲಗಾರರಲ್ಲ. ಆತನಿಗೆ ಕೈ ಮುಗಿದರೆ ಸಾಕು, ಹಾರ ಹಾಕಿದರೆ ಸಾಕು. ಹಾಗಲ್ಲದೆ ಅವನಿಂದ ಒಂದು ವಸ್ತುವನ್ನು ಪಡೆದಿದ್ದೇವೆಂದು ಒಪ್ಪಿದರೆ, ಅದನ್ನು ತೀರಿಸುವ ಭಾರ ಪಡೆದವರ ತಲೆಯ ಮೇಲೆ ಬೀಳುತ್ತದೆ.

ಇಷ್ಟು ಬರೆದ ಮಾತ್ರಕ್ಕೆ ನಾವು ಅಣೆಕಟ್ಟುಗಳ ವಿರೋಧಿಗಳೆಂದು ಯಾರೂ ಭಾವಿಸಬಾರದು. ಕೃಷ್ಣಾ ಮೇಲ್ದಂಡೆ ಯೋಜನೆಗೆ ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟಾಗ, ಕೆಳಗಿನ ಸುರಪುರ, ಶಹಾಪುರ, ದೇವದುರ್ಗಗಳ ಸೀಮೆ ಮಳೆ ತಪ್ಪಿದ ವರುಷ ಗುಳೆ ಹೋಗುತ್ತಿದ್ದ ಸೀಮೆಯಾಗಿತ್ತು. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರವೂ, ಈ ಶತಮಾನದ ಮೊದಲ ದಶಕದಲ್ಲಿ ಆಲಮಟ್ಟಿಯೂ ಪೂರ್ಣಗೊಂಡವು. ಇಂದು ಆಲಮಟ್ಟಿಯಲ್ಲಿ ೫೧೯.೬ ಮೀಟರಿನವರೆಗೆ, ಸುಮಾರು ೧೨೩ ಟಿ.ಎಂ.ಸಿ. ನೀರು ನಿಲ್ಲುತ್ತದೆ. ಯೋಜನೆಯ ಮೊದಲೆರಡು ಹಂತಗಳಿಗೆ ಗೊತ್ತುಪಡಿಸಿದ ನೀರಾವರಿ ಕ್ಷೇತ್ರ ಆರು ಲಕ್ಷ ಹೆಕ್ಟೇರಿಗೂ ಮಿಕ್ಕಿದ್ದು. ಬರದ ಬಾಯಿಂದ ಇಷ್ಟು ಭೂಮಿಯನ್ನು ಬಿಡಿಸಿದ್ದು ಸಾಮಾನ್ಯ ಕಾರ್ಯವೆಂದು ಹೇಳುವವರು ಬರವನ್ನು ಕಂಡವರಲ್ಲ.

ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲೊಬ್ಬರು ನೀರಾವರಿ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದಾರೆ. ಈ ಪ್ರಶ್ನೆಯನ್ನು ಅವರ ಮುಂದಿಟ್ಟಾಗ ಅವರು ಸ್ಪಷ್ಟವಾಗಿಯೇ ಹೇಳಿದರು: “ಪ್ರತಿಯೊಬ್ಬನ ಒಪ್ಪಿಗೆ ಕೇಳುತ್ತ ಕುಳಿತರೆ ಒಂದು ಸೇತುವೆಯೂ ಏಳುವುದಿಲ್ಲ, ಒಂದು ಹಾದಿಯೂ ಆಗುವುದಿಲ್ಲ. ನಷ್ಟಕ್ಕಿಂತ ಲಾಭ ಹೆಚ್ಚೆಂದು ಲೆಕ್ಕ ಹಾಕಿಯೇ ಯೋಜನೆಗೆ ಮಂಜೂರಾತಿ ಕೊಟ್ಟಿರುತ್ತಾರೆ.” ಅವರ ಮಾತಿನ ಮೊದಲ ಭಾಗವನ್ನು ನಾವು ಒಪ್ಪುತ್ತೇವೆ. ಎರಡನೆಯ ಭಾಗದಲ್ಲಿ ಬರುವ ‘ಲೆಕ್ಕ’ವನ್ನು ಮಾತ್ರ ಸ್ವಲ್ಪ ಬಿಚ್ಚಿ ನೋಡಬೇಕಾಗುತ್ತದೆ.

ಈ ಲೆಕ್ಕದ ಪದ್ಧತಿ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕೆಯ ೧೯೩೬ರ ಪ್ರವಾಹ ನಿಯಂತ್ರಣ ಕಾನೂನು, ಯಾರಿಗೇ ಸೇರಲಿ, ಒಟ್ಟು ಲಾಭವು ವೆಚ್ಚಕ್ಕಿಂತ ಹೆಚ್ಚಾಗಿದ್ದರೆ ಕಾಮಗಾರಿಯನ್ನು ಕೈಗೊಳ್ಳಬಹುದೆಂದಿತು. ಈ ‘ಯಾರಿಗೇ ಸೇರಲಿ’ ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಮೂರು ವರುಷಗಳ ತರುವಾಯ, ೧೯೩೯ರಲ್ಲಿ, ನಿಕೋಲಸ್ ಕಾಲ್ಡರ್ ಮತ್ತು ಜಾನ್ ಹಿಕ್ಸ್ ಎಂಬಿಬ್ಬರು ಅರ್ಥಶಾಸ್ತ್ರಜ್ಞರು ಇದಕ್ಕೆ ತಾತ್ತ್ವಿಕ ಅಡಿಪಾಯವನ್ನು ಒದಗಿಸಿದರು. (ಕಾಲ್ಡರ್ ೧೯೫೬ರಲ್ಲಿ ನಮ್ಮ ದೇಶಕ್ಕೂ ತೆರಿಗೆ ಸುಧಾರಣೆಯ ಸಲಹೆಗೆಂದು ಬಂದಿದ್ದವರೇ.) ಒಂದು ಬದಲಾವಣೆಯಿಂದ ಲಾಭ ಹೊಂದಿದವರು ನಷ್ಟ ಹೊಂದಿದವರಿಗೆ ಪೂರ್ತಿ ಪರಿಹಾರ ಕೊಟ್ಟೂ ತಮಗೆ ಮಿಗುವಂತಿದ್ದರೆ, ಆ ಬದಲಾವಣೆ ಸಮಾಜದ ಸಂಪತ್ತನ್ನು ಹೆಚ್ಚಿಸಿದೆಯೆಂದು ತಿಳಿಯಬೇಕೆಂಬುದು ಅವರ ವಾದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಇದರಲ್ಲೊಂದು ಮರ್ಮವಿದೆ. ಪರಿಹಾರವನ್ನು ‘ಕೊಡಬಲ್ಲ’ರಾದರೆ ಸಾಕು, ‘ಕೊಡಲೇ’ಬೇಕೆಂಬ ನಿಯಮ ಆ ವಾದದಲ್ಲಿಲ್ಲ. ಕೊಡಬೇಕೆ ಬೇಡವೆ ಎಂಬುದು ರಾಜಕಾರಣಕ್ಕೆ ಸೇರಿದ ಪ್ರಶ್ನೆ, ಅರ್ಥಶಾಸ್ತ್ರಜ್ಞನು ಅದನ್ನು ನಿರ್ಣಯಿಸಲಾರನೆಂದು ಕಾಲ್ಡರ್ ಬಿಟ್ಟುಬಿಟ್ಟರು.

ಶಾಸ್ತ್ರದ ಶಿಸ್ತಿನ ದೃಷ್ಟಿಯಿಂದ ಅದು ಪ್ರಾಮಾಣಿಕ ನಿಲುವೇ ಇದ್ದಿತು. ಆದರೆ ಕಡತಗಳ ಲೋಕದಲ್ಲಿ ಏನಾಯಿತೆಂದರೆ, ‘ಕೊಡಬಲ್ಲರು’ ಎಂಬ ಅರ್ಧವನ್ನು ಲೆಕ್ಕದವರು ಕೈಗೆತ್ತಿಕೊಂಡರು, ‘ಕೊಟ್ಟರೇ?’ ಎಂಬ ಉಳಿದರ್ಧವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಶಹಾಪುರದ ರೈತನ ಮನೆಗೆ ಬಂದ ಹತ್ತು ಚೀಲ ಭತ್ತವನ್ನೂ ಬಾಗಲಕೋಟೆಯ ಕಡೆಯ ರೈತನ ಮನೆಯಿಂದ ಹೋದ ಆರು ಚೀಲ ಜೋಳವನ್ನೂ ಒಂದೇ ಪುಟದಲ್ಲಿ ಬರೆದು ಕಳೆದರೆ ನಾಲ್ಕು ಚೀಲ ಮಿಗುವುದು ನಿಜ. ಆದರೆ ಈ ಇಬ್ಬರೂ ಒಂದೇ ಒಲೆಯ ಮುಂದೆ ಉಣ್ಣುವವರಲ್ಲ. ಬಹುಜನಸುಖವಾದವು ವ್ಯಕ್ತಿ ವ್ಯಕ್ತಿಗಳ ನಡುವಣ ಭೇದವನ್ನು ಗಣಿಸುವುದಿಲ್ಲವೆಂದು ಜಾನ್ ರಾಲ್ಸ್ ೧೯೭೧ರಲ್ಲಿ ಎತ್ತಿದ ಆಕ್ಷೇಪಣೆಯ ತಿರುಳು ಇದೇ ಆಗಿದೆ.

‘ಪರಿಹಾರ ಕೊಟ್ಟಿದ್ದಾರಲ್ಲ’ ಎಂದು ತಾವು ಕೇಳಬಹುದು. ಕೊಟ್ಟಿದ್ದಾರೆ. ಹೇಗೆ ಕೊಟ್ಟರೆಂಬುದನ್ನು ನೋಡೋಣ. ಹಳೆಯ ಕಾನೂನಿನಂತೆ ಪ್ರಕಟಣೆಯ ದಿನದ ಪೇಟೆ ಧಾರಣೆಯೇ ಭೂಮಿಯ ಬೆಲೆ. ಪೇಟೆ ಧಾರಣೆಗೆ ಆಧಾರ ನೋಂದಣಿಯಾದ ಖರೀದಿ ಪತ್ರಗಳು. ಮುದ್ರಾಂಕ ಶುಲ್ಕವನ್ನು ಉಳಿಸಲು ಜನರು ಕ್ರಯವನ್ನು ಕಡಿಮೆ ತೋರಿಸುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮೇಲಾಗಿ ಮುಳುಗಡೆಯ ಸುದ್ದಿ ಹಬ್ಬಿದ ಊರಿನಲ್ಲಿ ಹೊಲ ಕೊಳ್ಳಲು ಯಾರು ಬರುತ್ತಾರೆ? ಬಲವಂತದ ಸ್ವಾಧೀನಕ್ಕೆಂದು ಇದರ ಮೇಲೆ ಸೇರಿಸುತ್ತಿದ್ದ ಹೆಚ್ಚಿನ ಮೊತ್ತ ೧೯೮೪ರವರೆಗೆ ನೂರಕ್ಕೆ ೧೫, ಆಮೇಲೆ ನೂರಕ್ಕೆ ೩೦. ಬೆಲೆ ಸಾಲದೆಂದು ನ್ಯಾಯಾಲಯಕ್ಕೆ ಹೋಗಲು ಹದಿನೆಂಟನೆಯ ಕಲಮಿನಲ್ಲಿ ಅವಕಾಶವಿದ್ದಿತು. ಆದರೆ ಹಣವನ್ನು ಪಡೆಯುವಾಗ ‘ತಕರಾರಿನೊಡನೆ ಸ್ವೀಕರಿಸಿದ್ದೇನೆ’ ಎಂದು ಬರೆದು ಸಹಿ ಹಾಕಿದವನಿಗೆ ಮಾತ್ರ ಆ ಬಾಗಿಲು ತೆರೆದಿರುತ್ತಿತ್ತು. ಓದು ಬಲ್ಲವನು, ವಕೀಲರ ನಂಟಿದ್ದವನು ಬರೆದ. ಹೆಬ್ಬೆಟ್ಟಿನವನಿಗೆ ಆ ಎರಡು ಶಬ್ದ ಯಾರು ಹೇಳಿಕೊಡಬೇಕು? ಬದುವಿನ ಆಚೆಗಿನ ಎಕರೆಗೆ ನ್ಯಾಯಾಲಯ ಬೆಲೆ ಹೆಚ್ಚಿಸಿತು, ಈಚೆಗಿನ ಎಕರೆಗೆ ಮೊದಲಿನ ಬೆಲೆಯೇ ಉಳಿಯಿತು. ಮಣ್ಣು ಮಾತ್ರ ಒಂದೇ ಎರೆ. ಈ ಅನ್ಯಾಯವನ್ನು ೧೯೮೪ರ ತಿದ್ದುಪಡಿ ಕೊಂಚಮಟ್ಟಿಗೆ ಸರಿಪಡಿಸಿತು. ನೆರೆಯವನ ತೀರ್ಪನ್ನು ಆಧರಿಸಿ ಉಳಿದವರೂ ಅರ್ಜಿ ಹಾಕಬಹುದೆಂದಿತು. ಆದರೆ ಮೂರು ತಿಂಗಳ ಗಡುವಿನೊಳಗೆ.

ಇದು ಭೂಮಿಯುಳ್ಳವನ ಮಾತಾಯಿತು. ಊರೆಂದರೆ ಬರಿಯ ಹೊಲದೊಡೆಯರಲ್ಲ. ಕೂಲಿಕಾರನು, ಬಡಿಗನು, ಕಮ್ಮಾರನು, ಕುಂಬಾರನು, ಅಗಸನು, ನದಿಯ ಮೀನನ್ನೇ ನಂಬಿದವನು—ಇವರಾರಿಗೂ ಪಹಣಿಯಲ್ಲಿ ಹೆಸರಿರಲಿಲ್ಲ. ಪುನರ್ವಸತಿಯ ಆದೇಶಗಳಲ್ಲಿ ಇಂಥವರಿಗೆ ನಿವೇಶನ, ಅನುದಾನಗಳು ದೊರೆತದ್ದುಂಟು. ಆದರೆ ಮೂವತ್ತು ಮನೆಗಳ ಆಯದಿಂದ ವರುಷ ಪೂರ್ತಿ ಜೀವಿಸುತ್ತಿದ್ದ ಕಮ್ಮಾರನು, ಆ ಮೂವತ್ತು ಮನೆಗಳು ಮೂರು ಕೇಂದ್ರಗಳಿಗೆ ಚದುರಿಹೋದ ಮೇಲೆ ನಿವೇಶನವನ್ನು ಇಟ್ಟುಕೊಂಡು ಮಾಡುವುದೇನು? ಆತನಿಂದ ಹೋದದ್ದು ಕಾಯಕ. ಇಂಥವರ ಜೀವನೋಪಾಯದ ನಷ್ಟವನ್ನು ದೇಶದ ಭೂಸ್ವಾಧೀನ ಕಾನೂನು ಗಣನೆಗೆ ತಂದುಕೊಂಡದ್ದು ೨೦೧೩ರಲ್ಲಿ. ಅಷ್ಟರಲ್ಲಿ ಇಲ್ಲಿಯ ಬಹುಪಾಲು ಊರುಗಳು ನೀರಿನೊಳಗಿದ್ದವು.

ಇಲ್ಲಿ ನಾವು ನಮ್ಮ ಮನೆಯ ಮಾತನ್ನೂ ಆಡಲೇಬೇಕು. ನಾರಾಯಣಪುರದ ಹಿನ್ನೀರು ಕೂಡಲಸಂಗಮವನ್ನು ಮುಟ್ಟುವುದೆಂದಾಗ ಸಮಾಜವೆಲ್ಲ ಕಳವಳಗೊಂಡಿತು, ಅದು ಸಹಜವೂ ಆಗಿತ್ತು. ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆಯನ್ನೆಬ್ಬಿಸಿ ಅದನ್ನು ರಕ್ಷಿಸಲಾಯಿತು. ಇಂದು ಸುತ್ತಲೂ ನೀರು ತುಂಬಿರುವಾಗ ಮೆಟ್ಟಿಲಿಳಿದು ಅಲ್ಲಿ ದರ್ಶನ ಪಡೆಯದ ಭಕ್ತರಿಲ್ಲ. ಈಜಿಪ್ಟಿನಲ್ಲಿ ಆಸ್ವಾನ್ ಅಣೆಕಟ್ಟಿಗಾಗಿ ಅಬು ಸಿಂಬೆಲ್ ಎಂಬ ಪ್ರಾಚೀನ ದೇವಾಲಯವನ್ನು ೧೯೬೪ರಿಂದ ೧೯೬೮ರವರೆಗೆ ಕಲ್ಲು ಕಲ್ಲಾಗಿ ಕೊಯ್ದು ಎತ್ತರದ ನೆಲಕ್ಕೆ ಸಾಗಿಸಿದರು. ಜಗತ್ತಿನ ರಾಷ್ಟ್ರಗಳು ಹಣ ಕೂಡಿಸಿದವು. ಅದೇ ನೀರಿನಿಂದ ಮನೆ ಕಳೆದುಕೊಂಡ ಲಕ್ಷದಷ್ಟು ನೂಬಿಯಾ ಜನರ ಹೆಸರು ಅಷ್ಟಾಗಿ ಯಾರ ಬಾಯಲ್ಲೂ ಬರಲಿಲ್ಲ. ಮಂಟಪವನ್ನು ಉಳಿಸಿದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಕಲ್ಲಿಗಾಗಿ ಅಷ್ಟು ಜಾಗೃತವಾದ ನಮ್ಮ ದನಿ, ಕಮ್ಮಾರನ ಕುಲುಮೆಗಾಗಿ ಏಕೆ ಏಳಲಿಲ್ಲವೆಂದು ಕೇಳಿಕೊಳ್ಳುತ್ತಿದ್ದೇವೆ. ಕಾಯಕವನ್ನು ಪೂಜೆಗಿಂತ ಮೇಲಿಟ್ಟವರ ಹೆಸರು ಹೇಳಿ ಬದುಕುವ ನಾವು ಕೇಳಿಕೊಳ್ಳದೆ ಇನ್ನಾರು ಕೇಳಬೇಕು?

ಇನ್ನು, ಆ ನೀರು ಏನಾಯಿತೆಂಬುದೂ ಋಣದ ಲೆಕ್ಕಕ್ಕೆ ಸೇರಿದ್ದು. ಕೃಷ್ಣಾ ಮೇಲ್ದಂಡೆಯ ಕಾಲುವೆಗಳನ್ನು ರೂಪಿಸಿದ್ದು ಜೋಳ, ಶೇಂಗಾ, ತೊಗರಿ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆ, ಹೆಚ್ಚು ಊರುಗಳಿಗೆ ನೀರು ಹರಿಯಲೆಂದು. ಕಾಲುವೆಯ ಮೇಲ್ಭಾಗದವರು ಭತ್ತ ಹಚ್ಚಿದರು. ಕೊನೆಯ ಭಾಗದವರು ನೀರಿಗಾಗಿ ಕಾದು ಕುಳಿತರು. ಮೇಲಿನ ಎರೆಭೂಮಿ ನೀರು ಕುಡಿದು ಕುಡಿದು ಹಲವೆಡೆ ಸವಳು ಜವಳಾಯಿತು. ನೀರಿನ ಕರ ಎಷ್ಟು ಅಲ್ಪವೆಂಬುದೂ, ಅದೂ ಬಾಕಿ ಉಳಿಯುವುದೆಂಬುದೂ ಗುಪ್ತವಲ್ಲ. ಇನ್ನೊಬ್ಬನ ಮನೆಯನ್ನು ಮುಳುಗಿಸಿ ತಂದ ನೀರೆಂಬ ಅರಿವು ಮಡಿಯಲ್ಲಿ ನಿಂತವನಿಗೆ ಇದ್ದಿದ್ದರೆ ಹೀಗಾಗುತ್ತಿತ್ತೆ? ಆತನನ್ನೇ ದೂಷಿಸುವುದೂ ಸರಿಯಲ್ಲ. ನೀರು ಸರಕಾರ ಕೊಟ್ಟದ್ದೆಂದು ಆತನಿಗೆ ಹೇಳಿದರು, ಯಾರಿಂದ ಬಂದದ್ದೆಂದು ಹೇಳಲಿಲ್ಲ.

ನೆರೆಯ ಮಹಾರಾಷ್ಟ್ರದಲ್ಲಿ ೧೯೭೬ರಲ್ಲಿ ಒಂದು ಕಾನೂನು ಬಂದಿತು. ಯೋಜನೆಯಿಂದ ನೀರು ಪಡೆಯುವ ಪ್ರದೇಶದಲ್ಲಿ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಭೂಮಿಯುಳ್ಳವರಿಂದ ಒಂದು ಪಾಲನ್ನು ಪಡೆದು ನಿರ್ವಸಿತರಿಗೆ ಕೊಡುವ ತತ್ತ್ವ ಅದರಲ್ಲಿತ್ತು. ಆಚರಣೆಯಲ್ಲಿ ಅದು ಬಹಳ ಕುಂಟಿತು. ಆದರೂ ಪಡೆದವನನ್ನೂ ಕಳೆದುಕೊಂಡವನನ್ನೂ ನೇರವಾಗಿ ಮುಖಾಮುಖಿ ನಿಲ್ಲಿಸಿದ ತತ್ತ್ವವೆಂದು ನಮಗದು ಹೆಚ್ಚಿನದೆಂದು ತೋರುತ್ತದೆ. ಬೊಕ್ಕಸದಿಂದ ಬರುವ ಹಣಕ್ಕೆ ಮುಖವಿಲ್ಲ.

ಈಗ ಮತ್ತೆ ಆ ಹೊತ್ತು ಬಂದಿದೆ. ಆಲಮಟ್ಟಿಯ ನೀರನ್ನು ೫೨೪.೨೫೬ ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ ೨೦೧೦ರಲ್ಲಿ ಒಪ್ಪಿತು. ಮೂರನೆಯ ಹಂತದ ಭೂಮಿಗೆ ನೀರಾವರಿಯಾದರೆ ಎಕರೆಗೆ ೪೦ ಲಕ್ಷ, ಒಣಭೂಮಿಯಾದರೆ ೩೦ ಲಕ್ಷ ರೂಪಾಯಿಯಂತೆ ಕೊಡಲು ರಾಜ್ಯದ ಸಚಿವ ಸಂಪುಟ ೨೦೨೫ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಹಿಂದಿನದರೊಡನೆ ಹೋಲಿಸಿದರೆ ಇದು ದೊಡ್ಡ ಮೊತ್ತ; ಸಂತೋಷವೇ. ಆದರೆ ಈ ಮೊತ್ತವನ್ನು ಕೇಳಿ ಮೊದಲ ಹಂತಗಳಲ್ಲಿ ಊರು ಬಿಟ್ಟವರು ಏನೆಂದುಕೊಂಡಾರು? ಹೊಲವಿಲ್ಲದವನ ಪಾಲು ಈ ಸಲ ಎಷ್ಟೆಂದು ಕೇಳುವವರು ಯಾರು? ವೇದಿಕೆಗಳಂತೂ ಮತ್ತೆ ಸಿದ್ಧವಾಗುವುವು, ನಮ್ಮಂಥವರನ್ನು ಮತ್ತೆ ಕರೆಯುವರು. ದಧೀಚಿಯ ಕಥೆಯನ್ನು ಅಲ್ಲಿ ನಾವು ಹೇಳಲಾರೆವು.

ನಮ್ಮ ಮಠದ ದಾಸೋಹಕ್ಕೆ ಸುರಪುರದ ಕಡೆಯ ಭಕ್ತರೊಬ್ಬರು ಪ್ರತಿ ವರುಷ ಅಕ್ಕಿಯ ಚೀಲಗಳನ್ನು ಕಳಿಸುತ್ತಾರೆ. ಕೆಲವು ಬೇಸಗೆಗಳ ಹಿಂದೆ, ಹಿನ್ನೀರು ಇಳಿದಿದ್ದಾಗ, ಅವರನ್ನು ಜೊತೆಗೆ ಕರೆದುಕೊಂಡು ಆ ವೃದ್ಧೆಯ ಹಳೆಯ ಊರಿಗೆ ಹೋಗಿದ್ದೆವು. ಆ ತಾಯಿ ಆಗಲೇ ಲಿಂಗೈಕ್ಯಳಾಗಿದ್ದಳು. ಆಕೆಯ ಮಗ ಬಂದಿದ್ದ. ಬಿರುಕು ಬಿಟ್ಟ ಕೆಸರಿನ ನಡುವೆ ಗುಡಿಯ ಕಟ್ಟೆ, ಅಲ್ಲಲ್ಲಿ ಮನೆಗಳ ಬುನಾದಿ ಎದ್ದು ತೋರುತ್ತಿದ್ದವು. ಒಂದು ಕಡೆ ನಿಂತು ಆತ, “ಇದು ನಮ್ಮ ಹಗೇವರಿ” ಎಂದು ಹೂಳು ತುಂಬಿದ ಕುಳಿಯನ್ನು ತೋರಿಸಿದ. ಭಕ್ತರು, “ಎಷ್ಟ ಹಿಡೀತಿತ್ತು?” ಎಂದು ಕೇಳಿದರು. “ಮೂವತ್ತ ಚೀಲ ಜ್ವಾಳ” ಎಂದ. ಮತ್ತೆ ಇಬ್ಬರೂ ಮಾತಾಡಲಿಲ್ಲ.

ಮರಳುವಾಗ ನಾರಾಯಣಪುರದ ಕಾಲುವೆ ದಾಟಿದ ಮೇಲೆ ಭಕ್ತರು, ಬರುವ ವರುಷ ಬೇಸಗೆಯ ಬೆಳೆಗೆ ಭತ್ತ ಬಿಟ್ಟು ಶೇಂಗಾ ಹಾಕುವೆನೆಂದರು. ಹಾಕಿದರೋ ಇಲ್ಲವೋ, ನಾವು ಕೇಳಿಲ್ಲ. ಅಕ್ಕಿಯ ಚೀಲಗಳು ಮಾತ್ರ ಈ ವರುಷವೂ ಬಂದಿವೆ.