ದ್ರಾಕ್ಷಿತೋಟದಲ್ಲೊಂದು ಪ್ರೇಮಕಥೆ

ನಮ್ಮ ಜನಪ್ರಿಯ ಕಾದಂಬರಿಗಳ ನಾಯಕರಿಗೆ ಕಾಫಿ ತೋಟವೆಂದರೆ ಬಲು ಪ್ರೀತಿ. ನಾಯಕಿ ಬಸ್ಸಿನಿಂದ ಇಳಿಯುವುದು ಚಿಕ್ಕಮಗಳೂರಿನಲ್ಲಿ, ಇಲ್ಲವೇ ಮಡಿಕೇರಿಯಲ್ಲಿ. ಅವಳನ್ನು ಕರೆದೊಯ್ಯಲು ಬರುವುದು ಎಸ್ಟೇಟಿನ ಜೀಪು. ಅದನ್ನು ಓಡಿಸುವ ಬಿಗಿದ ಮುಖದ ಯುವಕ ಡ್ರೈವರ್ ಅಲ್ಲ, ಮಾಲೀಕನೇ ಎಂಬುದು ಮೂರನೆಯ ಅಧ್ಯಾಯದಲ್ಲಿ ತಿಳಿಯುತ್ತದೆ. ವಾರಪತ್ರಿಕೆಯ ಧಾರಾವಾಹಿಗಾಗಿ ಕಾದು ಕಾದು ಓದಿ ಬೆಳೆದ ನನ್ನಂಥ ಹೆಂಗಸರಿಗೆ ಇದೆಲ್ಲ ಬಾಯಿಪಾಠ.

ಐವತ್ತು ದಾಟಿದ ಮೇಲೆ ನಾನೂ ಒಂದು ಪ್ರೇಮ ಕಾದಂಬರಿ ಬರೆಯಬೇಕೆಂದು ಹೊರಟಾಗ ಮಲೆನಾಡಿನ ಮಂಜನ್ನು ಅವರಿಗೇ ಬಿಟ್ಟು, ನನಗೆ ಗೊತ್ತಿರುವ ನಂದಿಬೆಟ್ಟದ ತಪ್ಪಲನ್ನು ಆರಿಸಿಕೊಂಡೆ. ಕಥೆ ನಡೆಯುವುದು ಒಂದು ವೈನ್ ಕಾರ್ಖಾನೆಯಲ್ಲಿ. ರಸಾಯನಶಾಸ್ತ್ರ ಓದಿದ ನಾಯಕಿ ಅಲ್ಲಿ ಕೆಲಸಕ್ಕೆ ಸೇರುತ್ತಾಳೆ. ನಾಯಕ ಆ ಕಾರ್ಖಾನೆಗೆ ಹಣ್ಣು ಕೊಡುವ ಬೆಳೆಗಾರನ ಮಗ. ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, "ಬೇರೆ ಜಾಗವೇ ಸಿಗಲಿಲ್ಲವೇ ಮೇಡಂ? ಹೆಂಡ ಮಾಡುವ ಕಡೆ ಪ್ರೇಮ ಮಾಡಿಸುತ್ತೀರಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನಗುವಿನೊಂದಿಗೆ ಹೋಗಲಿಲ್ಲ. ಎಷ್ಟೋ ಮನೆಗಳನ್ನು ಹಾಳುಮಾಡಿದ ಕುಡಿತದ ಪಕ್ಕದಲ್ಲಿ ನಿಂತು ಸಿಹಿಯಾದ ಕಥೆ ಹೇಳುವುದು ಸರಿಯೇ?

ವೈನ್ ಎಂದೊಡನೆ ನಮಗೆ ಫ್ರಾನ್ಸ್, ಇಟಲಿ ನೆನಪಾಗುತ್ತವೆ. ಆದರೆ ಅದು ನಮ್ಮ ಮಗ್ಗುಲಿಗೇ ಬಂದು ಬಹಳ ವರ್ಷಗಳಾದವು. ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ತೋಟದ ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 1992ರಲ್ಲಿ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಾದರೆ ನಮ್ಮಲ್ಲಿ ಆಗ ಬಳ್ಳಿ ಸವರುವ ಕಾಲ. ಏಪ್ರಿಲ್ ಸುಮಾರಿಗೆ ಒಮ್ಮೆ, ಮಳೆ ಹಿಂದಾಗುವಾಗ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಸವರಿ, ಬೇಸಿಗೆಯ ಬಾಗಿಲಲ್ಲಿ ವೈನಿನ ಹಣ್ಣು ಕೊಯ್ಯುತ್ತಾರೆ. ಆದ್ದರಿಂದ ಅಲ್ಲಿನ ಪ್ರೇಮಿಗಳು ಎಲೆ ಉದುರುವ ಕಾಲದಲ್ಲಿ ಕೊಯ್ಲಿಗೆ ಸೇರಿದರೆ, ನನ್ನವರು ಶಿವರಾತ್ರಿಯ ಸುಮಾರಿಗೆ ಸೇರಬೇಕು!

ಇನ್ನು ವೈನ್ ಮಾಡುವ ಕೆಲಸ, ಇಡ್ಲಿ ಹಿಟ್ಟು ಹುದುಗಿಸುವವರಿಗೆ ತಿಳಿಯದ್ದೇನಲ್ಲ. ಕಿವುಚಿದ ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಕೆಂಪು ವೈನಿಗೆ ಬಣ್ಣ ಬರುವುದು ಸಿಪ್ಪೆಯಿಂದ, ಹಾಗಾಗಿ ಅದನ್ನು ಸಿಪ್ಪೆಯ ಸಮೇತ ಹುದುಗಿಸುತ್ತಾರೆ. ಬಿಳಿ ವೈನಿಗೆ ರಸವನ್ನು ಮೊದಲೇ ಬೇರ್ಪಡಿಸುತ್ತಾರೆ. ಶಾಖ ಹೆಚ್ಚಾದರೆ ಕೆಟ್ಟಿತು, ಗಾಳಿ ಹೆಚ್ಚು ಸೋಕಿದರೆ ಹುಳಿಯಾಯಿತು. ಎಲ್ಲವೂ ಹದದ ಮೇಲೆ ನಿಂತ ಕೆಲಸ. ರುಚಿ ನೋಡುವುದೇ ಉದ್ಯೋಗವಾದವರು ಒಂದು ಗುಟುಕನ್ನು ಬಾಯಲ್ಲಿ ಆಡಿಸಿ, ನುಂಗದೆ ಉಗುಳಿಬಿಡುತ್ತಾರಂತೆ. ಇದನ್ನು ಓದಿದಾಗಲೇ ನನ್ನ ನಾಯಕಿ ನನಗೆ ಸಿಕ್ಕಿದ್ದು. ವೈನಿನ ನಡುವೆಯೇ ದುಡಿದೂ ಅದಕ್ಕೆ ವಶವಾಗದವಳು ಅವಳು.

ಹಾಗೆಂದು ಸಹೋದ್ಯೋಗಿಯ ಮಾತನ್ನು ತಳ್ಳಿಹಾಕುವಂತಿಲ್ಲ. ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ವಿಧಿಯೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ದ್ರಾಕ್ಷಿ ಬೆಳೆಗಾರರಿಗೂ ವೈನ್ ತಯಾರಕರಿಗೂ ಉತ್ತೇಜನ ಕೊಡುವ ಸರ್ಕಾರದ ವೈನ್ ನೀತಿಯೂ 2007ರದ್ದೇ. ಬಡವನ ಪ್ಯಾಕೆಟ್ಟು ಪಿಡುಗಾಯಿತು, ಉಳ್ಳವರ ಬಾಟಲಿ ಉದ್ಯಮವಾಯಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದು ಕೂತವು ಎನ್ನುವುದು ಬೇರೆ ಮಾತು. ಗಾಜಿನ ಲೋಟದಲ್ಲಿದ್ದರೆ ಸಂಸ್ಕೃತಿ, ಪ್ಲಾಸ್ಟಿಕ್ ಲೋಟದಲ್ಲಿದ್ದರೆ ಚಟ ಎಂಬ ಈ ಲೆಕ್ಕಾಚಾರವನ್ನು ನನ್ನ ಪ್ರೇಮಕಥೆಯೂ ಒಪ್ಪಿಕೊಂಡುಬಿಟ್ಟರೆ?

"ಅಯ್ಯೋ, ಕಥೆ ತಾನೇ ಮೇಡಂ, ಓದಿ ಮರೆಯುತ್ತಾರೆ" ಎಂದು ಸಮಾಧಾನ ಹೇಳಿದವರೂ ಉಂಟು. ಮೇಷ್ಟರ ಕೆಲಸ ಮಾಡುವ ನಾನು ಇದನ್ನು ಒಪ್ಪಲಾರೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಹೊಸದಾಗಿ ಅಕ್ಷರ ಕಲಿಯುತ್ತಿದ್ದ ಹೆಂಗಸರು ತಮ್ಮ ಪಾಠದ ಪುಸ್ತಕದಲ್ಲಿ ಓದಿದ್ದು ಕುಡಿತದಿಂದ ಹಾಳಾದ ಸಂಸಾರವೊಂದರ ಪುಟ್ಟ ಕಥೆ. ಅದು ತಮ್ಮದೇ ಕಥೆ ಎನಿಸಿ ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಆ ಚಳವಳಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1993ರ ಅಕ್ಟೋಬರಿನಲ್ಲಿ ಇಡೀ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಪಾಠದ ಪುಸ್ತಕದ ಒಂದು ಕಥೆಗೆ ಇಷ್ಟು ಶಕ್ತಿಯಿದ್ದರೆ, ಹುಡುಗಿಯರು ರಾತ್ರಿ ದೀಪ ಆರಿಸದೆ ಓದುವ ಪ್ರೇಮ ಕಾದಂಬರಿಗೆ ಶಕ್ತಿಯೇ ಇಲ್ಲವೆಂದು ಹೇಗೆ ಹೇಳೋಣ? ಕಥೆ ಮನಸ್ಸಿಗೆ ಇಳಿಯುತ್ತದೆ. ಇಳಿಯುವುದು ಏನು ಎಂಬುದಷ್ಟೇ ಪ್ರಶ್ನೆ.

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ವೈನ್ ದ್ರಾಕ್ಷಿಯ ತೋಟಕ್ಕೆ ಕೂಲಿಗೆ ಹೋಗುವವಳು. ಆಕೆಯ ಗಂಡನಿಗೆ ಕುಡಿತವಿದೆ. ನಿನಗೆ ಆ ಕೆಲಸ ಕಸಿವಿಸಿ ಎನಿಸುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಅದು ದೊಡ್ಡೋರು ಕುಡಿಯೋದು ಮೇಡಮ್ಮೋರೇ. ನಮ್ಮನೆಯೋರು ಅದರ ವಾಸ್ನೇನೂ ನೋಡಿಲ್ಲ. ಗೊನೆ ಕುಯ್ಯೋದು ನನ್ ಕೆಲ್ಸ, ಮಗಳ ಫೀಸು ಕಟ್ಟಿದ್ದು ಅದ್ರಾಗೇ" ಎಂದಳು. ಸ್ವಲ್ಪ ತಡೆದು, "ಅವರಪ್ಪ ಅಮ್ಮ ನನ್ನ ನೋಡೋಕೆ ಬಂದಾಗ್ಲೇ ಗೊತ್ತಿತ್ತು ಅವರಿಗೆ. ಮದ್ವೆಯಾದ್ರೆ ಸರಿಹೋಗ್ತಾನೆ ಅಂದ್ಕೊಂಡ್ರು" ಎಂದು ಸೇರಿಸಿದಳು.

ನನ್ನ ಪ್ರಶ್ನೆ ತಿರುಗಿ ನಿಂತದ್ದು ಈ ಮಾತಿನಿಂದ. ಆಕೆಯ ಸಂಸಾರಕ್ಕೆ ಏಟು ಕೊಟ್ಟದ್ದು ತೋಟವಲ್ಲ. ಕುಡಿತದ ಜೊತೆಗೆ ಒಂದು ನಂಬಿಕೆಯೂ ಸೇರಿಕೊಂಡು ಕೊಟ್ಟ ಏಟು ಅದು. ಆ ನಂಬಿಕೆಗೆ ನೀರೆರೆದವರಲ್ಲಿ ಪ್ರೇಮಕಥೆಗಳೂ ಇಲ್ಲವೇ? ದುಃಖ ಮರೆಯಲು ಕುಡಿಯುವ ನಾಯಕ, ಅವನ ಕೈಯಿಂದ ಬಾಟಲಿ ಬಿಡಿಸುವ ನಾಯಕಿಯ ಕಣ್ಣೀರು, ಕೊನೆಯ ಪುಟದ ಹೊತ್ತಿಗೆ ಹೊಸ ಮನುಷ್ಯ. ಎಷ್ಟು ಕಥೆಗಳಲ್ಲಿ, ಎಷ್ಟು ಸಿನಿಮಾಗಳಲ್ಲಿ ಇದನ್ನು ಕಂಡು ನಾವು ಕಣ್ಣೊರೆಸಿಕೊಂಡಿಲ್ಲ! ಅದರಲ್ಲಿ ಒಂದು ತೊಟ್ಟು ವೈನೂ ಇರಬೇಕಿಲ್ಲ, ಕಾಫಿ ತೋಟದ ನಡುವೆಯೇ ನಡೆಯಬಹುದು. ಆದರೆ ಓದಿದ ಹುಡುಗಿ ಕಲಿಯುವ ಪಾಠ ಒಂದೇ: ನಿನ್ನ ಪ್ರೀತಿ ಸಾಕಷ್ಟಿದ್ದರೆ ಅವನು ಬಿಡುತ್ತಾನೆ. ಬಿಡದಿದ್ದರೆ? ಕೊರತೆ ನಿನ್ನ ಪ್ರೀತಿಯದೇ. ಅವನ ಚಟದ ಹೊಣೆಯನ್ನು ಹೀಗೆ ಅವಳ ತಲೆಗೆ ಕಟ್ಟುವುದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ?

ಕುಡಿತ ಬಿಟ್ಟವರಿಲ್ಲವೆಂದಲ್ಲ. ಚಿಕಿತ್ಸೆಯಿಂದ, ತಮ್ಮದೇ ಛಲದಿಂದ ಬಿಟ್ಟವರಿದ್ದಾರೆ. ಮನೆಯವರ ಪ್ರೀತಿ ಅವರಿಗೆ ಆಸರೆಯಾಗಿರಬಹುದು. ಆಸರೆಯೇ ಬೇರೆ, ಔಷಧಿಯೇ ಬೇರೆ. ಮದುವೆಯಂತೂ ಚಿಕಿತ್ಸಾಲಯವಲ್ಲ.

ಆದ್ದರಿಂದ ಪ್ರೇಮಕಥೆಯ ನೀತಿ ಅದು ನಡೆಯುವ ಜಾಗದಲ್ಲಿಲ್ಲ, ಪ್ರೀತಿಯ ಬಗ್ಗೆ ಅದು ಹೇಳುವ ಮಾತಿನಲ್ಲಿದೆ ಎಂಬ ನಿಲುವಿಗೆ ನಾನು ಬಂದಿದ್ದೇನೆ. ಓದಿ ಸಂತೋಷಪಡುವುದು ಪಾಪವಲ್ಲ. ದಿನವಿಡೀ ದುಡಿದ ಹೆಂಗಸು ಮಧ್ಯಾಹ್ನ ಒಂದು ಗಂಟೆ ಸುಖವಾದ ಕಥೆ ಓದಿದರೆ ಯಾರ ಗಂಟು ಹೋಗುತ್ತದೆ? ಅವಳಿಗೆ ಸಿಹಿ ಕೊಡೋಣ, ಸುಳ್ಳು ಬೇಡ.

ನನ್ನ ಕಾದಂಬರಿ ವೈನ್ ಕಾರ್ಖಾನೆಯಲ್ಲೇ ನಡೆಯುತ್ತದೆ. ಗೊನೆ ಕೊಯ್ಯುವ ಕೈಗಳೂ, ಸಂಜೆ ಆ ಕೈಗಳು ಮರಳುವ ಮನೆಗಳೂ ಅದರಲ್ಲಿ ಇರುತ್ತವೆ. ನಾಯಕಿಯನ್ನು ಕೇಳಿಕೊಂಡು ಮೊದಲು ಬರುವ ವರ ದೊಡ್ಡ ಮನೆಯವನು, ನೋಡಲು ಚೆಲುವ, ಕುಡಿತದ ದಾಸ. ಮದುವೆಯಾದರೆ ಸರಿಹೋಗುತ್ತಾನೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಗುಟುಕಿನಲ್ಲೇ ಹದ ತಿಳಿಯುವ ನನ್ನ ನಾಯಕಿ ಬೇಡವೆನ್ನುತ್ತಾಳೆ. ಅವಳ ಪ್ರೇಮಕಥೆ ಶುರುವಾಗುವುದೇ ಆಮೇಲೆ.